ಜನರೇಟರ್ ತಾನಾಗಿ ಬಂದ್ ಬಿದ್ದಾಗ: ಕೆಂಪು ದೀಪ ಹೇಳುವುದನ್ನು ಮೊದಲು ಕೇಳಿ

ತೊಗರಿ ರಾಶಿ ಮುಗಿದು ದಾಲ್ ಮಿಲ್ಲುಗಳು ಹಗಲು ರಾತ್ರಿ ತಿರುಗುವ ಹೊತ್ತಿಗೆ ಬಿಸಿಲೂ ಏರಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಯಡ್ರಾಮಿ, ಜೇವರ್ಗಿ, ಅಫಜಲಪುರ, ಆಳಂದ ಕಡೆ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದಲ್ಲ. ಕರೆಂಟ್ ಹೋಗುತ್ತದೆ, ಜನರೇಟರ್ ಚಾಲೂ ಆಗುತ್ತದೆ, ಅರ್ಧ ಗಂಟೆ ಚೆನ್ನಾಗಿ ಓಡುತ್ತದೆ. ಆಮೇಲೆ ಹೂಟರ್ ಕೂಗಿ, ಪ್ಯಾನೆಲ್ಲಿನಲ್ಲಿ ಕೆಂಪು ದೀಪ ಹತ್ತಿ, ಇಂಜಿನ್ ತಾನಾಗಿ ನಿಲ್ಲುತ್ತದೆ. ರೀಸೆಟ್ ಒತ್ತಿ ಮತ್ತೆ ಚಾಲೂ ಮಾಡುತ್ತಾರೆ, ಹತ್ತು ನಿಮಿಷಕ್ಕೆ ಮತ್ತೆ ಬಂದ್. ಮೂರನೇ ಸಲಕ್ಕೆ ಮಾಲೀಕರ ತಾಳ್ಮೆ ಮುಗಿದಿರುತ್ತದೆ. ಆಗ ಯಾರಾದರೂ ಒಬ್ಬರು ಬಂದು ಒಂದು ವೈರ್ ಕಳಚುತ್ತಾರೆ. ಜನರೇಟರ್ ಓಡುತ್ತದೆ, ಎಲ್ಲರೂ ನಿರಾಳವಾಗುತ್ತಾರೆ.

ಆ ವೈರನ್ನು ಕಳಚಬೇಡಿ ಎಂದು ಹೇಳುವುದಕ್ಕೇ ಈ ಲೇಖನ. ಕಳಚದೆ ಏನು ಮಾಡಬೇಕು, ಯಾವ ದೀಪ ಯಾವ ತೊಂದರೆಯನ್ನು ತೋರಿಸುತ್ತದೆ, ಮಿಸ್ತ್ರಿ ಬಂದಾಗ ಅವರ ಮುಂದೆ ಯಾವ ಪ್ರಶ್ನೆ ಇಡಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. 2018ರಲ್ಲಿ ಜೇವರ್ಗಿಯಿಂದ ಬೇರ್ಪಟ್ಟು ತಾಲ್ಲೂಕಾದ ಯಡ್ರಾಮಿಯಂಥ ಊರಿನಲ್ಲಿ ಕಂಪನಿಯ ಸರ್ವಿಸ್ ಎಂಜಿನಿಯರ್ ಬರಬೇಕೆಂದರೆ ಸಾಮಾನ್ಯವಾಗಿ ಕಲಬುರಗಿಯಿಂದ ಬರಬೇಕು. ಅವರು ಬರುವವರೆಗಿನ ಕೆಲವು ಗಂಟೆಗಳಲ್ಲಿ ಮಾಲೀಕರು ಮತ್ತು ಆಪರೇಟರ್ ತೆಗೆದುಕೊಳ್ಳುವ ತೀರ್ಮಾನವೇ ಇಂಜಿನ್ ಉಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ.

ಹಳದಿಗೂ ಕೆಂಪಿಗೂ ಇರುವ ವ್ಯತ್ಯಾಸ

ಜನರೇಟರಿನ ಕಂಟ್ರೋಲರ್ ಎರಡು ಬಗೆಯಲ್ಲಿ ಮಾತಾಡುತ್ತದೆ. ಒಂದು ಎಚ್ಚರಿಕೆ: ಹೂಟರ್ ಕೂಗುತ್ತದೆ, ಹಳದಿ ದೀಪ ಹತ್ತುತ್ತದೆ, ಆದರೆ ಇಂಜಿನ್ ಓಡುತ್ತಲೇ ಇರುತ್ತದೆ. ಡೀಸೆಲ್ ಕಡಿಮೆಯಾಗಿದೆ, ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ನೀರು ಬಿಸಿಯಾಗುತ್ತಾ ಬಂದಿದೆ ಎಂಬ ಸುದ್ದಿಗಳು ಈ ಬಗೆಯವು. ಇನ್ನೊಂದು ಶಟ್‌ಡೌನ್: ಕೆಂಪು ದೀಪ, ತಕ್ಷಣ ಬಂದ್. ಆಯಿಲ್ ಪ್ರೆಶರ್ ಬಿದ್ದರೆ, ನೀರಿನ ಬಿಸಿ ಮಿತಿ ಮೀರಿದರೆ, ಇಂಜಿನ್ ವೇಗ ಕೈಮೀರಿದರೆ, ಅಥವಾ ಯಾರಾದರೂ ಎಮರ್ಜೆನ್ಸಿ ಸ್ಟಾಪಿನ ಕೆಂಪು ಗುಂಡಿ ಒತ್ತಿದರೆ ಹೀಗಾಗುತ್ತದೆ.

ಹಳದಿ ದೀಪ ಹತ್ತಿದಾಗ ನಿಮ್ಮ ಕೈಯಲ್ಲಿ ಇನ್ನೂ ಸಮಯವಿದೆ. ಮಿಲ್ಲಿನ ಮೋಟರುಗಳನ್ನು ಒಂದೊಂದಾಗಿ ಬಂದ್ ಮಾಡಿ ಲೋಡ್ ಇಳಿಸಿ, ಇಂಜಿನನ್ನು ಮೂರರಿಂದ ಐದು ನಿಮಿಷ ಖಾಲಿ ಓಡಿಸಿ, ಆಮೇಲೆ ನಿಲ್ಲಿಸಬಹುದು. ಟರ್ಬೊ ಇರುವ ಇಂಜಿನಿಗೆ ಈ ಖಾಲಿ ಓಟ ಬಹಳ ಮುಖ್ಯ. ಕಾದ ಟರ್ಬೊ ತಿರುಗುತ್ತಿರುವಾಗಲೇ ಇಂಜಿನ್ ನಿಂತರೆ ಅದರ ಬೇರಿಂಗಿಗೆ ಆಯಿಲ್ ಹೋಗುವುದೂ ನಿಲ್ಲುತ್ತದೆ, ಒಳಗಿದ್ದ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಕೆಂಪು ದೀಪದ ಶಟ್‌ಡೌನಿನಲ್ಲಿ ಈ ಖಾಲಿ ಓಟಕ್ಕೆ ಅವಕಾಶವೇ ಇರುವುದಿಲ್ಲ. ಅಂದರೆ ಪ್ರತಿ ಕೆಂಪು ದೀಪವೂ ಇಂಜಿನಿಗೆ ಒಂದಿಷ್ಟು ಪೆಟ್ಟು ಕೊಟ್ಟೇ ಹೋಗುತ್ತದೆ. ಅದಕ್ಕಾಗಿಯೇ ಹಳದಿಯನ್ನು ಯಾರಾದರೂ ನೋಡುತ್ತಿರಬೇಕು. ಹೂಟರ್ ಕಿರಿಕಿರಿಯೆಂದು ಅದರ ಬಾಯಿಗೆ ಬಟ್ಟೆ ತುರುಕಿದ ಪ್ಯಾನೆಲ್ಲುಗಳು ನಮ್ಮ ಭಾಗದಲ್ಲಿ ಕಡಿಮೆಯಿಲ್ಲ.

ಆಯಿಲ್ ಪ್ರೆಶರ್: ಕಳಚುವ ಆ ವೈರಿನ ಕಥೆ

ಯಾವ ಮಿಲ್ಲಿನಲ್ಲಾದರೂ ಕೇಳಿಬರುವ ಮಾತು ಇದು. ಆಪರೇಟರ್ ಹುಡುಗ ಹೇಳುತ್ತಾನೆ: “ಕಾಕಾ, ಆಯಿಲ್ ಲೈಟ್ ಹತ್ತಿ ಬಂದ್ ಬೀಳ್ಲಕತ್ತದ. ಹ್ವಾದ ವರ್ಷ ಬಂದಿದ್ದ ಮಿಸ್ತ್ರಿ ಒಂದ್ ವೈರ್ ತೆಗದು ಟೇಪ್ ಸುತ್ತಿದ್ದ, ಬರೋಬ್ಬರಿ ಓಡಿತ್ತು. ನೀವೂ ಹಂಗೇ ಮಾಡ್ರಿ.” ಅನುಭವಿ ಮಿಸ್ತ್ರಿಯಾದರೆ ಕೊಡುವ ಉತ್ತರವೂ ಒಂದೇ: “ವೈರ್ ತೆಗದ್ರ ಲೈಟ್ ಹೋಗ್ತದಪ್ಪ, ಆಯಿಲ್ ಬರಂಗಿಲ್ಲ. ಮೊದಲ ಡಿಪ್‌ಸ್ಟಿಕ್ ತೆಗದು ತೋರ್ಸು.”

ಇಂಜಿನ್ ಬ್ಲಾಕಿನ ಪಕ್ಕದಲ್ಲಿ, ಆಯಿಲ್ ಫಿಲ್ಟರಿನ ಹತ್ತಿರ, ಹೆಬ್ಬೆರಳಿನಷ್ಟು ದಪ್ಪದ ಒಂದು ಸ್ವಿಚ್ ಕೂತಿರುತ್ತದೆ. ಹಳೆಯ ಮಾದರಿಯ ಸೆಟ್‌ಗಳಲ್ಲಿ ಅದಕ್ಕೆ ಒಂದೇ ವೈರ್. ಒಳಗೆ ಒಂದು ತೆಳು ಪರದೆ, ಒಂದು ಸ್ಪ್ರಿಂಗ್. ಆಯಿಲ್ ಪ್ರೆಶರ್ ಇಲ್ಲದಾಗ ಸ್ಪ್ರಿಂಗ್ ಗೆದ್ದು ಆ ವೈರನ್ನು ಇಂಜಿನ್ ಬಾಡಿಗೆ, ಅಂದರೆ ಅರ್ಥಿಗೆ, ಕೂಡಿಸುತ್ತದೆ; ದೀಪ ಹತ್ತುತ್ತದೆ. ಪ್ರೆಶರ್ ಬಂದಾಗ ಪರದೆ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿ ಕೂಡಿಕೆ ಬಿಡಿಸುತ್ತದೆ, ದೀಪ ಆರುತ್ತದೆ. ವೈರ್ ಕಳಚಿದರೂ ಕೂಡಿಕೆ ಬಿಟ್ಟಂತೆಯೇ ಆಗುವುದರಿಂದ ಪ್ಯಾನೆಲ್ಲಿಗೆ ಎರಡರ ನಡುವಿನ ಅಂತರ ಗೊತ್ತಾಗುವುದಿಲ್ಲ. ಆಯಿಲ್ ಪ್ರೆಶರ್ ಸರಿಯಿದೆ ಎಂದೇ ಅದು ನಂಬಿಕೊಳ್ಳುತ್ತದೆ. ಈ ಸುಲಭದ ದಾರಿಯೇ ಸಾವಿರಾರು ಇಂಜಿನ್‌ಗಳ ಕ್ರ್ಯಾಂಕ್ ತಿಂದಿದೆ.

ಕ್ರ್ಯಾಂಕ್ ಶಾಫ್ಟೂ ಅದರ ಬೇರಿಂಗೂ ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ ಇರುತ್ತದೆ. ನಿಮಿಷಕ್ಕೆ 1,500 ಸುತ್ತು ತಿರುಗುವ ಇಂಜಿನ್ ಎಂದರೆ ಸೆಕೆಂಡಿಗೆ 25 ಸುತ್ತು. ಪದರ ಹರಿದ ಮೇಲೆ ಲೋಹಕ್ಕೆ ಲೋಹ ತಿಕ್ಕಿ ಬೇರಿಂಗ್ ಕರಗಲು ಹೆಚ್ಚು ಹೊತ್ತು ಬೇಕಿಲ್ಲ. ಕಂಟ್ರೋಲರ್ ನಿಲ್ಲಿಸಿದ ಇಂಜಿನಿಗೆ ಆಯಿಲ್, ಫಿಲ್ಟರಿನ ಖರ್ಚು ಬರಬಹುದು. ವೈರ್ ಕಳಚಿ ಓಡಿಸಿದ ಇಂಜಿನಿಗೆ ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್, ಕೆಲವೊಮ್ಮೆ ಬ್ಲಾಕೇ ಬದಲು.

ಬಿಸಿಯಾದ ಇಂಜಿನ್ ಪೂರ್ತಿ ವೇಗದಲ್ಲಿರುವಾಗ ಪ್ರೆಶರ್ ಗೇಜ್ ಸಾಮಾನ್ಯವಾಗಿ 3ರಿಂದ 5 ಕೆ.ಜಿ. ತೋರಿಸುತ್ತದೆ. ಶಟ್‌ಡೌನ್ ಆಗುವುದು ಹೆಚ್ಚಿನ ಸೆಟ್‌ಗಳಲ್ಲಿ 1 ಕೆ.ಜಿ. ಆಸುಪಾಸಿಗೆ; ಖಚಿತ ಅಂಕಿ ನಿಮ್ಮ ಇಂಜಿನ್ನಿನ ಕೈಪಿಡಿಯಲ್ಲಿರುತ್ತದೆ, ಅದನ್ನು ಪ್ಯಾನೆಲ್ ಬಾಗಿಲ ಒಳಗೆ ಬರೆದು ಅಂಟಿಸಿ. ಚಾಲೂ ಆಗುವಾಗ ಮೊದಲ ಕೆಲವು ಸೆಕೆಂಡು ಪ್ರೆಶರ್ ಏರಲು ಸಮಯ ಬೇಕಾದ್ದರಿಂದ ಕಂಟ್ರೋಲರ್ ಆ ಹೊತ್ತು ಕಣ್ಣು ಮುಚ್ಚಿಕೊಂಡಿರುತ್ತದೆ. ಹಾಗಾಗಿ ಆಯಿಲ್ ಪ್ರೆಶರಿಗೆ ಬಂದ್ ಬಿದ್ದ ಇಂಜಿನನ್ನು ಮೇಲಿಂದ ಮೇಲೆ ಚಾಲೂ ಮಾಡಿದರೆ, ಪ್ರತಿ ಸಲವೂ ಆ ಕೆಲವು ಸೆಕೆಂಡು ಅದು ಒಣ ಬೇರಿಂಗಿನ ಮೇಲೆ ಓಡುತ್ತದೆ. ಒಂದು ಸಲ ಬಂದ್ ಬಿದ್ದರೆ ಡಿಪ್‌ಸ್ಟಿಕ್ ನೋಡುವವರೆಗೆ ಎರಡನೇ ಸಲ ಚಾಲೂ ಮಾಡಬಾರದು.

ಡಿಪ್‌ಸ್ಟಿಕ್ ನೋಡುವುದಕ್ಕೂ ಒಂದು ಕ್ರಮವಿದೆ. ಇಂಜಿನ್ ನಿಂತು ಹತ್ತು ನಿಮಿಷ ಕಳೆಯಲಿ, ಮೇಲಿರುವ ಆಯಿಲ್ ಕೆಳಗಿಳಿಯಲಿ. ಸೆಟ್ ಸಮನೆಲದ ಮೇಲಿರಲಿ. ಮಟ್ಟ ಕಡಿಮೆಯಿದ್ದರೆ ಅದೇ ಗ್ರೇಡಿನ ಆಯಿಲ್ ಹಾಕಿ ಸೋರಿಕೆ ಹುಡುಕಿ. ಮಟ್ಟ ಇದ್ದದ್ದಕ್ಕಿಂತ ಮೇಲೇರಿದ್ದರೆ ಖುಷಿಪಡಬೇಡಿ: ಡೀಸೆಲ್ ಅಥವಾ ನೀರು ಆಯಿಲಿಗೆ ಸೇರುತ್ತಿದೆ ಎಂದರ್ಥ. ಮೂಸಿ ನೋಡಿ, ಬೆರಳಲ್ಲಿ ಉಜ್ಜಿ ನೋಡಿ. ನೀರಿನಂತೆ ತೆಳುವಾಗಿದ್ದರೆ ಇಂಜೆಕ್ಟರ್ ಅಥವಾ ಪಂಪು ಸೋರುತ್ತಿದೆ. ಬೂದುಬಣ್ಣದ ನೊರೆ ಕಂಡರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಇವೆರಡರಲ್ಲಿ ಯಾವುದಿದ್ದರೂ ಆಯಿಲ್ ಬದಲಿಸಿ ಓಡಿಸುವುದು ಪರಿಹಾರವಲ್ಲ, ಮಿಸ್ತ್ರಿ ಬರಲೇಬೇಕು. ಆಯಿಲ್ ಮಟ್ಟವೂ ಬಣ್ಣವೂ ಸರಿಯಿದ್ದು ದೀಪ ಹತ್ತುತ್ತಿದ್ದರೆ ಸ್ವಿಚ್ಚೇ ಕೆಟ್ಟಿರಲೂಬಹುದು. ಆದರೆ ಹಾಗೆಂದು ಊಹಿಸುವುದಲ್ಲ: ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಒಂದು ಮೆಕ್ಯಾನಿಕಲ್ ಗೇಜ್ ಕೂಡಿಸಿ ನಿಜವಾದ ಪ್ರೆಶರ್ ನೋಡಬೇಕು. ಹತ್ತು ನಿಮಿಷದ ಕೆಲಸ.

ಇಲ್ಲಿ ಜಾತ್ರೆ, ಮದುವೆಗೆ ಟ್ರಾಲಿ ಮೇಲೆ ಜನರೇಟರ್ ಬಾಡಿಗೆ ಕೊಡುವವರಿಗೆ ಒಂದು ಮಾತು. ಕಡಕೋಳವಿರಲಿ, ಅರಳಗುಂಡಗಿಯಿರಲಿ, ಗಾಣಗಾಪುರವಿರಲಿ, ಜನ ಸೇರುವ ಕಡೆ ಟ್ರಾಲಿ ನಿಲ್ಲಿಸಲು ಸಿಗುವುದು ಸಾಮಾನ್ಯವಾಗಿ ರಸ್ತೆ ಬದಿಯ ಇಳಿಜಾರು. ಇಂಜಿನ್ ಓರೆಯಾದರೆ ಸಂಪಿನಲ್ಲಿರುವ ಆಯಿಲ್ ಒಂದು ಕಡೆಗೆ ಸರಿದು ಪಂಪಿನ ಹೀರುವ ಬಾಯಿ ಗಾಳಿ ಎಳೆಯುತ್ತದೆ. ಆಯಿಲ್ ಕನಿಷ್ಠ ಗೆರೆಯಲ್ಲೇ ಇದ್ದರಂತೂ ಖಂಡಿತ.

ಇದು ಬರೀ ಟ್ರಾಲಿಯ ತೊಂದರೆಯಲ್ಲ. 2019ರ ಮಾರ್ಚ್ 23ರಂದು ನಾರ್ವೆಯ ಕರಾವಳಿಯಲ್ಲಿ ವೈಕಿಂಗ್ ಸ್ಕೈ ಎಂಬ ಪ್ರವಾಸಿ ಹಡಗು 1,373 ಜನರನ್ನು ಹೊತ್ತು ಬಿರುಗಾಳಿಯಲ್ಲಿ ಹೋಗುತ್ತಿತ್ತು. ಹಡಗು ಹೊಯ್ದಾಡಿದಂತೆ ಡೀಸೆಲ್ ಇಂಜಿನ್‌ಗಳ ಆಯಿಲ್ ಪ್ರೆಶರ್ ಬಿತ್ತು. ಕಂಟ್ರೋಲರ್‌ಗಳು ಒಂದಾದ ಮೇಲೊಂದರಂತೆ ಇಂಜಿನ್ ಬಂದ್ ಮಾಡಿದವು. ಹಡಗು ಬಂಡೆಗಳ ಕಡೆಗೆ ತೇಲಿತು. ಬಡಿಯಲು ಒಂದು ಹಡಗಿನ ಉದ್ದದಷ್ಟೇ ಬಾಕಿಯಿತ್ತು. ಸುಮಾರು 480 ಜನರನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ದಡ ಸೇರಿಸಿದರು. ತನಿಖೆಯಲ್ಲಿ ಗೊತ್ತಾದದ್ದು ಇಷ್ಟು: ಆಯಿಲ್ ಟ್ಯಾಂಕುಗಳಲ್ಲಿ ತಯಾರಕರು ಹೇಳಿದ್ದು ಶೇ 68ರಿಂದ 75, ಇದ್ದದ್ದು ಶೇ 28ರಿಂದ 40. ಅಷ್ಟು ದೊಡ್ಡ ಹಡಗು, ಅಷ್ಟು ತಂತ್ರಜ್ಞರು. ಕೊನೆಗೆ ಕೈಕೊಟ್ಟದ್ದು ನಮ್ಮ ಡಿಪ್‌ಸ್ಟಿಕ್ಕಿನ ವಿಷಯವೇ. ಟ್ರಾಲಿಯ ಚಕ್ರದ ಕೆಳಗೆ ಕಲ್ಲು, ಹಲಗೆ ಕೊಟ್ಟು ಮಟ್ಟ ಮಾಡಿ, ಆಯಿಲನ್ನು ಮೇಲಿನ ಗೆರೆಗೆ ಹತ್ತಿರ ಇಟ್ಟುಕೊಳ್ಳಿ, ಗೆರೆ ದಾಟಿಸಬೇಡಿ.

ಬಿಸಿ: ಹೊಟ್ಟು, ಅರಳೆ, ಸವಳು ನೀರು

ನಮ್ಮ ಭಾಗದಲ್ಲಿ ಜನರೇಟರ್ ಬಂದ್ ಬೀಳಲು ದೊಡ್ಡ ಕಾರಣ ಬಿಸಿ. ಓಡುವ ಇಂಜಿನ್ನಿನ ನೀರು ಸಾಮಾನ್ಯವಾಗಿ 80ರಿಂದ 92 ಡಿಗ್ರಿಯಲ್ಲಿರುತ್ತದೆ. 95, 98ಕ್ಕೆ ಹಳದಿ ದೀಪ, 103ರ ಹತ್ತಿರ ಕೆಂಪು. ಮಾದರಿಗೆ ತಕ್ಕಂತೆ ಅಲ್ಪಸ್ವಲ್ಪ ವ್ಯತ್ಯಾಸ. ಹೊರಗಿನ ಗಾಳಿಯೇ 43 ಡಿಗ್ರಿಯಿದ್ದಾಗ ರೇಡಿಯೇಟರಿಗೆ ತಣಿಸಲು ಉಳಿಯುವ ಅವಕಾಶ ಬಹಳ ಕಡಿಮೆ. ಡಿಸೆಂಬರಿನಲ್ಲಿ ಗೊತ್ತೇ ಆಗದ ಕೊಳೆ ಮೇ ತಿಂಗಳಲ್ಲಿ ಇಂಜಿನನ್ನು ನಿಲ್ಲಿಸುತ್ತದೆ.

ದಾಲ್ ಮಿಲ್ಲಿನಲ್ಲಿ ತೊಗರಿ ಹೊಟ್ಟಿನ ಪುಡಿ, ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆಯ ಎಳೆ, ಕ್ರಷರಿನಲ್ಲಿ ಕಲ್ಲಿನ ಧೂಳು. ಮಾಲೀಕರು ಹೇಳುತ್ತಾರೆ, “ರೇಡಿಯೇಟರ್ ಸ್ವಚ್ಛ ಅದ ರೀ, ನಾನೇ ನೋಡೀನಿ” ಎಂದು. ಅವರು ನೋಡಿದ್ದು ಹೊರಗಿನ ಮುಖ. ಟ್ರ್ಯಾಕ್ಟರ್, ಲಾರಿಗಳಲ್ಲಿ ಫ್ಯಾನ್ ಗಾಳಿಯನ್ನು ಮುಂದಿನಿಂದ ಒಳಕ್ಕೆ ಎಳೆಯುತ್ತದೆ. ಹೆಚ್ಚಿನ ಜನರೇಟರ್ ಸೆಟ್‌ಗಳಲ್ಲಿ ಫ್ಯಾನ್ ಇಂಜಿನ್ ಕಡೆಯ ಗಾಳಿಯನ್ನು ರೇಡಿಯೇಟರಿನ ಮೂಲಕ ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಹೊಟ್ಟು ಕೂರುವುದು ಒಳಮುಖದಲ್ಲಿ, ಫ್ಯಾನಿಗೂ ಕೋರಿಗೂ ನಡುವೆ, ಕಣ್ಣಿಗೆ ಬೀಳದ ಜಾಗದಲ್ಲಿ. ಬ್ರೀದರಿನಿಂದ ಬರುವ ಆಯಿಲ್ ಹೊಗೆ ಅದಕ್ಕೆ ಅಂಟಾಗುತ್ತದೆ, ಹೊಟ್ಟು ಮೆತ್ತಿಕೊಂಡು ಕಂಬಳಿಯಷ್ಟು ದಪ್ಪ ಕೂರುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ, ಫ್ಯಾನ್ ಗಾರ್ಡ್ ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ನೋಡಿದಾಗಲೇ ಇದು ಕಾಣುವುದು. ಸ್ವಚ್ಛ ಮಾಡುವುದು ಗಾಳಿ ಹೋಗುವ ದಿಕ್ಕಿಗೆ ವಿರುದ್ಧವಾಗಿ, ಹೊರಗಿನಿಂದ ಒಳಕ್ಕೆ. ಕಂಪ್ರೆಸರ್ ಗಾಳಿಯಾದರೂ ನೀರಾದರೂ ರಭಸ ಕಡಿಮೆ ಇರಲಿ. ಜೋರಾಗಿ ಹೊಡೆದರೆ ತೆಳು ಎಸಳುಗಳು ಮಡಚಿ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಸೀಸನ್ನಿನಲ್ಲಿ ವಾರಕ್ಕೊಮ್ಮೆ ಈ ಕೆಲಸ ಆಗಬೇಕು.

ಎರಡನೆಯದು ನೀರು. ನಮ್ಮ ಬೋರಿನ ಸವಳು ನೀರನ್ನು ರೇಡಿಯೇಟರಿಗೆ ಸುರಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಸುಣ್ಣದ ಪದರ ಬಿಸಿಯನ್ನು ದಾಟಲು ಬಿಡುವುದಿಲ್ಲ, ಸೆನ್ಸರಿನ ಮೂತಿಗೂ ಮೆತ್ತಿಕೊಂಡು ಅದು ತಡವಾಗಿ ಎಚ್ಚರಗೊಳ್ಳುವಂತೆ ಮಾಡುತ್ತದೆ. ಕಂಪನಿ ಹೇಳಿದ ಕೂಲಂಟನ್ನೇ ಹಾಕಿ. ಅವಸರಕ್ಕೆ ಬೇಕಾದರೆ ಡಿಸ್ಟಿಲ್ಡ್ ವಾಟರ್ ಕ್ಯಾನ್ ಒಂದನ್ನು ಸೆಟ್ ಪಕ್ಕದಲ್ಲೇ ಇಟ್ಟಿರಿ.

ಮೂರನೆಯ ಸಂಗತಿ ಬಹಳ ಆಪರೇಟರುಗಳಿಗೆ ಗೊತ್ತಿರುವುದಿಲ್ಲ. ಬಿಸಿ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದಾಗ ಮಾತ್ರ ನಿಜ ಹೇಳುತ್ತದೆ. ಹೋಸ್ ಪೈಪ್ ಒಡೆದು ನೀರೆಲ್ಲ ಹೊರಗೆ ಹೋದರೆ ಸೆನ್ಸರಿನ ಸುತ್ತ ಉಳಿಯುವುದು ಗಾಳಿ ಮತ್ತು ಹಬೆ. ಆಗ ಹೆಡ್ ಕಾದು ಕೆಂಪಾಗುತ್ತಿದ್ದರೂ ಮೀಟರ್ 70, 80ರಲ್ಲೇ ನಿಂತಿರಬಹುದು. ಅದಕ್ಕಾಗಿಯೇ ರೇಡಿಯೇಟರಿನ ಮೇಲ್ಭಾಗದಲ್ಲಿ ನೀರಿನ ಮಟ್ಟ ನೋಡುವ ಪ್ರತ್ಯೇಕ ಸ್ವಿಚ್ ಬೇಕು. ನಿಮ್ಮ ಸೆಟ್ಟಿನಲ್ಲಿ ಅದಿಲ್ಲದಿದ್ದರೆ ಹಾಕಿಸಿ. ನನ್ನ ಅಭಿಪ್ರಾಯದಲ್ಲಿ ಈ ಬಿಸಿಲಿನ ಸೀಮೆಯಲ್ಲಿ ಅದಕ್ಕೆ ಖರ್ಚು ಮಾಡಿದ ಹಣದಷ್ಟು ಸಾರ್ಥಕವಾದದ್ದು ಬೇರೆ ಯಾವುದೂ ಇಲ್ಲ. ನೀರಿಲ್ಲದ, ಗಾಳಿಯಿಂದಲೇ ತಣಿಯುವ ಇಂಜಿನ್‌ಗಳಲ್ಲಿ ಈ ಜಾಗಕ್ಕೆ ಬೆಲ್ಟ್ ತುಂಡಾದರೆ ನಿಲ್ಲಿಸುವ ಸ್ವಿಚ್ ಇರುತ್ತದೆ. ಬೆಲ್ಟ್ ಹರಿದರೆ ಅಲ್ಲಿ ತಣಿಸಲು ಬೇರೇನೂ ಇಲ್ಲವಾದ್ದರಿಂದ ಆ ಸ್ವಿಚ್ ಕೆಟ್ಟಿದ್ದರೆ ಇಂಜಿನ್ ಓಡಿಸಲೇಬಾರದು.

ಕ್ಯಾನೊಪಿಯ ಬಾಗಿಲು ತೆರೆದಿಟ್ಟರೆ ತಂಪಾಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಗಾಳಿ ಒಂದು ಕಡೆಯಿಂದ ಒಳಬಂದು ಇಂಜಿನ್ ದಾಟಿ ರೇಡಿಯೇಟರಿನಿಂದ ಹೊರಹೋಗಲೆಂದು ಆ ಪೆಟ್ಟಿಗೆಯನ್ನು ಕಟ್ಟಿರುತ್ತಾರೆ. ಬಾಗಿಲು ತೆರೆದರೆ ಫ್ಯಾನ್ ಹತ್ತಿರದ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಹೊರಬಿದ್ದ ಬಿಸಿಗಾಳಿ ತಿರುಗಿ ಒಳಬರುತ್ತದೆ. ಸೆಟ್ ಹೊರಗಿಟ್ಟವರು ರೇಡಿಯೇಟರ್ ಮುಂದೆ ಗೋಡೆ, ಚೀಲದ ರಾಶಿ ಬಾರದಂತೆ ನೋಡಿಕೊಳ್ಳಿ. ಒಳಗಿಟ್ಟವರು ಸೈಲೆನ್ಸರ್ ಪೈಪನ್ನು ಕಟ್ಟಡದ ಹೊರಗೆ, ಕಿಟಕಿಗಳಿಂದ ದೂರಕ್ಕೆ ಒಯ್ಯಬೇಕು. ಇಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಅದು ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಜನರೇಟರ್ ಕೋಣೆಯಲ್ಲಿ ರಾತ್ರಿ ಪಾಳಿಯ ಹುಡುಗರನ್ನು ಮಲಗಿಸಬೇಡಿ.

ಬಿಸಿಗೆ ಬಂದ್ ಬಿದ್ದಾಗ ಮಾಡಬಾರದ ಎರಡು ಕೆಲಸಗಳಿವೆ. ರೇಡಿಯೇಟರ್ ಮುಚ್ಚಳ ತೆರೆಯಬಾರದು: ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ, ಮುಚ್ಚಳ ಸಡಿಲವಾದ ಕ್ಷಣ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಕಾದ ಇಂಜಿನಿಗೆ ತಣ್ಣೀರು ಸುರಿಯಬಾರದು: ಸಿಲಿಂಡರ್ ಹೆಡ್ ಬಿರಿಯುತ್ತದೆ. ಒಂದು ಗಂಟೆ ಬಿಡಿ, ಕೈ ಇಡುವಷ್ಟು ಆರಲಿ.

ವೇಗ ಕೈಮೀರಿದಾಗ

50 ಹರ್ಟ್ಸ್ ಕರೆಂಟ್ ಕೊಡುವ ಜನರೇಟರ್ ನಿಮಿಷಕ್ಕೆ 1,500 ಸುತ್ತು ತಿರುಗಬೇಕು. ಒಂದು ಹರ್ಟ್ಸ್ ಏರಿದರೆ 30 ಸುತ್ತು ಏರಿದಂತೆ. ಸುಮಾರು 55ರಿಂದ 57 ಹರ್ಟ್ಸ್ ಮುಟ್ಟಿದರೆ ಓವರ್‌ಸ್ಪೀಡ್ ಎಂದು ಕಂಟ್ರೋಲರ್ ನಿಲ್ಲಿಸುತ್ತದೆ. ಈ ದೀಪ ಅಪರೂಪಕ್ಕೆ ಹತ್ತುತ್ತದೆ, ಹತ್ತಿದಾಗ ಮಿಸ್ತ್ರಿ ಬಂದು ಗವರ್ನರ್, ಫ್ಯೂಯಲ್ ಪಂಪು ನೋಡುವವರೆಗೆ ಒಮ್ಮೆಯೂ ಚಾಲೂ ಮಾಡಬೇಡಿ.

ಡೀಸೆಲ್ ಇಂಜಿನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಚಾವಿ ತಿರುಗಿಸಿದರೆ ಅದು ನಿಲ್ಲುವುದು ಡೀಸೆಲ್ ನಿಂತದ್ದಕ್ಕೆ. ಟರ್ಬೊದ ಸೀಲ್ ಹೋಗಿ ಆಯಿಲ್ ಒಳಗೆಳೆದುಕೊಂಡರೆ ಇಂಜಿನ್ ಆ ಆಯಿಲನ್ನೇ ಸುಡುತ್ತಾ ಏರುತ್ತದೆ, ಚಾವಿ, ಗುಂಡಿ ಯಾವುದಕ್ಕೂ ಬಗ್ಗುವುದಿಲ್ಲ. ಆಗ ಉಳಿಯುವ ದಾರಿ ಗಾಳಿ ತಡೆಯುವುದು. ಆದರೆ ಬಾಯಿಗೆ ಅಂಗೈ ಕೊಡಲು ಹೋಗಬೇಡಿ, ಎಳೆತ ಕೈ ಮುರಿಯುವಷ್ಟಿರುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇದ್ದರೆ ಏರ್ ಇನ್‌ಟೇಕಿಗೆ ಹೊಡೆಯಬಹುದು; ಇಲ್ಲದಿದ್ದರೆ ಎಲ್ಲರನ್ನೂ ದೂರ ಕಳಿಸಿ. ಲೋಹದ ತುಂಡು ಸಿಡಿಯುವ ಜಾಗದಲ್ಲಿ ಯಾರೂ ನಿಲ್ಲಬಾರದು.

ಅಮೆರಿಕದ ಮೆಕ್ಸಿಕೊ ಕೊಲ್ಲಿಯಲ್ಲಿ 2010ರ ಏಪ್ರಿಲ್ 20ರಂದು 11 ಜನ ಸತ್ತ ಡೀಪ್‌ವಾಟರ್ ಹೊರೈಜನ್ ದುರಂತದಲ್ಲಿ ಬಾವಿಯಿಂದ ಚಿಮ್ಮಿದ ಗ್ಯಾಸನ್ನು ಡೀಸೆಲ್ ಇಂಜಿನ್‌ಗಳು ಗಾಳಿಯೊಂದಿಗೆ ಎಳೆದುಕೊಂಡು ಹೀಗೇ ವೇಗ ಏರಿದ್ದವು. ಸುಳ್ಳು ಅಲಾರಂ ರಾತ್ರಿ ನಿದ್ದೆ ಕೆಡಿಸಬಾರದೆಂದು ಅಲ್ಲಿನ ಮುಖ್ಯ ಅಲಾರಮನ್ನು ತಾನಾಗಿ ಕೂಗದಂತೆ ತಡೆಹಿಡಿದಿದ್ದರೆಂದು ಅಲ್ಲಿದ್ದ ತಂತ್ರಜ್ಞರೊಬ್ಬರು ವಿಚಾರಣೆಯಲ್ಲಿ ಹೇಳಿದರು. ಬಟ್ಟೆ ತುರುಕಿದ ನಮ್ಮ ಹೂಟರನ್ನು ನೋಡಿದಾಗಲೆಲ್ಲ ನನಗೆ ಆ ಸಾಕ್ಷ್ಯ ನೆನಪಾಗುತ್ತದೆ.

ಚಾಲೂ ಆಗದಿರುವುದೂ ಒಂದು ಅಲಾರಂ

ಕರೆಂಟ್ ಹೋದಾಗ ತಾನಾಗಿ ಚಾಲೂ ಆಗುವ ಎಎಮ್‌ಎಫ್ ಪ್ಯಾನೆಲ್ ಸಾಮಾನ್ಯವಾಗಿ ಮೂರು ಸಲ ಪ್ರಯತ್ನಿಸಿ, ಆಗದಿದ್ದರೆ ಕೈಚೆಲ್ಲಿ ದೀಪ ಹತ್ತಿಸುತ್ತದೆ. ದವಾಖಾನೆಯಲ್ಲಿ, ಲಸಿಕೆ ಇಟ್ಟ ಫ್ರಿಜ್ ಇರುವಲ್ಲಿ ನಿಜವಾದ ಭಯ ಇದೇ. ಬಹಳ ಸಲ ಕಾರಣ ಬ್ಯಾಟರಿ. ನಮ್ಮ ಬೇಸಿಗೆಯಲ್ಲಿ ಬ್ಯಾಟರಿ ನೀರು ಬೇಗ ಆರುತ್ತದೆ, ಹದಿನೈದು ದಿನಕ್ಕೊಮ್ಮೆ ನೋಡಬೇಕು. 12 ವೋಲ್ಟಿನ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ತೋರಿಸಿ, ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಷ್ಯ ಮುಗಿಯುತ್ತ ಬಂದಿದೆ. ಇನ್ನೊಂದು ಕಾರಣ ಮನುಷ್ಯರದೇ: ಸರ್ವಿಸ್ ಮಾಡಿದವರು ಸ್ವಿಚ್ಚನ್ನು ಮ್ಯಾನ್ಯುಅಲ್‌ನಲ್ಲಿ ಬಿಟ್ಟು ಹೋಗಿರುತ್ತಾರೆ. “ಆಟೊದಲ್ಲಿ ಇಲ್ಲ” ಎಂಬ ಎಚ್ಚರಿಕೆ ಹೊಸ ಕಂಟ್ರೋಲರ್‌ಗಳಲ್ಲಿದೆ. ಮಿಸ್ತ್ರಿ ಹೊರಡುವ ಮುಂಚೆ ಅದನ್ನು ನೀವೇ ನೋಡಿ.

ಇಂಜಿನ್ ಸರಿಯಿದ್ದ ಮಾತ್ರಕ್ಕೆ ಕರೆಂಟ್ ತಲುಪುತ್ತದೆ ಎಂದೂ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ವಿದ್ಯುತ್ ಕೈಕೊಟ್ಟಾಗ ರೋಗಿಗಳು ತೀರಿಕೊಂಡರು. ವೆಂಟಿಲೇಟರ್ ನಿಂತದ್ದೇ ಕಾರಣವೆಂದು ಮನೆಯವರು ಆರೋಪಿಸಿದರು, ಆಸ್ಪತ್ರೆ ಅದನ್ನು ಒಪ್ಪಲಿಲ್ಲ, ಸರ್ಕಾರ ತನಿಖಾ ಸಮಿತಿ ನೇಮಿಸಿತು. ಆಗ ಹೆಚ್ಚು ಚರ್ಚೆಯಾದದ್ದು ಕೇಬಲ್ ದೋಷ. ಹಾಗಾಗಿ ಆಸ್ಪತ್ರೆಯಲ್ಲಿ ಪರೀಕ್ಷೆ ಎಂದರೆ ಇಂಜಿನ್ ಸದ್ದು ಕೇಳಿ ತೃಪ್ತಿಪಡುವುದಲ್ಲ. ಮುಖ್ಯ ಸ್ವಿಚ್ ಎಳೆದು, ಕೊನೆಯ ವಾರ್ಡಿನ ಕೊನೆಯ ಸಾಕೆಟ್ಟಿಗೆ ಜನರೇಟರಿನ ಕರೆಂಟ್ ಬಂತೇ ಎಂದು ಅಲ್ಲಿಯೇ ನಿಂತು ನೋಡುವುದು. ತಿಂಗಳಿಗೊಮ್ಮೆ, ಅರ್ಧ ಗಂಟೆ, ಸಾಮರ್ಥ್ಯದ ಮೂರನೇ ಒಂದು ಭಾಗದಷ್ಟಾದರೂ ಲೋಡ್ ಕೊಟ್ಟು. ಖಾಲಿ ಓಡಿಸಿದರೆ ಅರೆಬೆಂದ ಡೀಸೆಲ್ ಸೈಲೆನ್ಸರಿನಲ್ಲಿ ಜಿಡ್ಡಾಗಿ ಕೂರುತ್ತದೆ.

ನಿಲ್ಲಬಾರದ ಇಂಜಿನ್

ಇಷ್ಟು ಹೇಳಿದ ಮೇಲೆ ಒಂದು ಅಪವಾದ. ಕಟ್ಟಡಕ್ಕೆ ಬೆಂಕಿ ಬಿದ್ದಾಗ ನೀರು ಹೊಡೆಯುವ ಡೀಸೆಲ್ ಫೈರ್ ಪಂಪು ಆಯಿಲ್ ಪ್ರೆಶರ್ ಬಿತ್ತೆಂದು ನಿಲ್ಲಬಾರದು. ಅಮೆರಿಕದ ಎನ್‌ಎಫ್‌ಪಿಎ 20 ನಿಯಮದಲ್ಲಿ ಇದು ಸ್ಪಷ್ಟ: ತಾನಾಗಿ ಚಾಲೂ ಆದ ಫೈರ್ ಪಂಪಿನ ಇಂಜಿನ್ ಆಯಿಲ್ ಕಡಿಮೆಯಾದರೂ ನೀರು ಕಾದರೂ ಬರೀ ಅಲಾರಂ ಕೊಟ್ಟು ಓಡುತ್ತಲೇ ಇರಬೇಕು, ಓವರ್‌ಸ್ಪೀಡಿಗೆ ಮಾತ್ರ ನಿಲ್ಲಬಹುದು. ಇಂಜಿನ್ ಹಾಳಾದರೆ ಹೊಸದು ತರಬಹುದು, ಒಳಗಿರುವ ಜನರನ್ನು ತರಲಾಗುವುದಿಲ್ಲ. ಜಿನ್ನಿಂಗ್ ಮಿಲ್ಲಿನವರು ಇದನ್ನು ಮುಖ್ಯವಾಗಿ ನೋಡಬೇಕು, ಅರಳೆಗೆ ಬಿದ್ದ ಬೆಂಕಿ ಯಾರನ್ನೂ ಕಾಯುವುದಿಲ್ಲ. 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ಸ್ಥಾವರದಲ್ಲಿ 167 ಜನ ಸತ್ತ ರಾತ್ರಿ ಅಲ್ಲಿನ ಡೀಸೆಲ್ ಫೈರ್ ಪಂಪುಗಳು ಮ್ಯಾನ್ಯುಅಲ್‌ನಲ್ಲಿದ್ದವು. ನಿಮ್ಮ ಫೈರ್ ಪಂಪಿನ ಸೆಟ್ಟಿಂಗ್ ಜನರೇಟರಿನಂತೆಯೇ ಇದೆಯೇ, ಬೇರೆ ಇದೆಯೇ ಎಂದು ಹಾಕಿದವರನ್ನು ಕೇಳಿ ಲಿಖಿತವಾಗಿ ಪಡೆಯಿರಿ.

ಭೀಮಾ ದಂಡೆಯಲ್ಲಿ ಇನ್ನೂ ಅಲ್ಲಲ್ಲಿ ಓಡುವ ಹಳೆಯ ಪಂಪ್‌ಸೆಟ್ ಇಂಜಿನ್‌ಗಳಿಗೆ ಸೆನ್ಸರ್ ಯಾವುದೂ ಇಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಟ್ಟಿದ ಬಳಗ 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ ಕಂಪನಿ ಆರಂಭಿಸಿದ ಮೇಲೆ ಇಂಥ ಇಂಜಿನ್‌ಗಳು ನಮ್ಮ ಹೊಲಗಳಿಗೆ ಬಂದವು. ಅವುಗಳ ಅಲಾರಂ ರೈತರ ಕಿವಿ. ಸದ್ದು ಬದಲಾದದ್ದನ್ನು ಮಲಗಿದಲ್ಲಿಂದಲೇ ಗುರುತಿಸುವವರಿದ್ದರು. ಇಂದು ಅಂಥ ಇಂಜಿನಿಗೂ ಆಯಿಲ್ ಸ್ವಿಚ್, ಬಿಸಿ ಸ್ವಿಚ್ ಮತ್ತು ಡೀಸೆಲ್ ಮುಚ್ಚುವ ಸೊಲೆನಾಯ್ಡ್ ಕೂಡಿಸಿಕೊಡುವ ಮಿಸ್ತ್ರಿಗಳಿದ್ದಾರೆ. ಹಾಕಿಸುವಾಗ ಒಂದನ್ನು ಕೇಳಿ: ಬ್ಯಾಟರಿ ವೈರ್ ಕಳಚಿಬಿದ್ದರೆ ಇಂಜಿನ್ ನಿಲ್ಲುತ್ತದೋ, ಓಡುತ್ತದೋ? ಕರೆಂಟ್ ಇರುವವರೆಗೆ ಮಾತ್ರ ಡೀಸೆಲ್ ಬಿಡುವ ಸೊಲೆನಾಯ್ಡ್ ಆದರೆ ವೈರ್ ಹೋದಾಗ ಇಂಜಿನ್ ತಾನಾಗಿ ನಿಲ್ಲುತ್ತದೆ. ಕರೆಂಟ್ ಕೊಟ್ಟಾಗ ನಿಲ್ಲಿಸುವ ಬಗೆಯದಾದರೆ ವೈರ್ ಹೋದ ಮೇಲೆ ಯಾವ ರಕ್ಷಣೆಯೂ ಉಳಿಯುವುದಿಲ್ಲ. ಮೊದಲನೆಯದನ್ನೇ ಹಾಕಿಸಿ.

ಪರೀಕ್ಷೆ, ಮತ್ತು ಹಳೆಯ ಸೆಟ್ ಕೊಳ್ಳುವಾಗ

ಸ್ವಿಚ್ ಮಾದರಿಯ ಪ್ಯಾನೆಲ್ ಇದ್ದರೆ ದಿನಾ ಮಾಡಬಹುದಾದ ಪರೀಕ್ಷೆ ಚಾವಿಯಲ್ಲೇ ಇದೆ. ಇಂಜಿನ್ ನಿಂತಿರುವಾಗ ಚಾವಿ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಪ್ರೆಶರ್ ಇಲ್ಲದ ಕಾರಣ ಆಯಿಲ್ ದೀಪ ಹತ್ತಲೇಬೇಕು. ಹತ್ತದಿದ್ದರೆ ಬಲ್ಬ್ ಹೋಗಿದೆ, ಸ್ವಿಚ್ ಕೆಟ್ಟಿದೆ ಅಥವಾ ಯಾರೋ ವೈರ್ ಕಳಚಿದ್ದಾರೆ. ಸೆನ್ಸರ್ ಇರುವ ಹೊಸ ಕಂಟ್ರೋಲರ್‌ಗಳಲ್ಲಿ ಪ್ರೆಶರ್ ಸೊನ್ನೆ ತೋರಿಸಬೇಕು. 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಮಾಲಿನ್ಯ ನಿಯಮದ ಸೆಟ್‌ಗಳಲ್ಲಿ ಇಂಜಿನ್ನಿಗೇ ಕಂಪ್ಯೂಟರ್ ಇರುವುದರಿಂದ ವೈರ್ ಕಳಚಿದರೆ ಅದು ಸೆನ್ಸರ್ ದೋಷವೆಂದು ಹಿಡಿಯುತ್ತದೆ.

ವರ್ಷಕ್ಕೊಮ್ಮೆ, ಮೇಲಾಗಿ ಮಾರ್ಚಿನ ಮೊದಲು, ಸರ್ವಿಸ್ ಎಂಜಿನಿಯರಿಂದ ಎಲ್ಲ ಶಟ್‌ಡೌನ್‌ಗಳನ್ನೂ ನಿಮ್ಮ ಕಣ್ಣೆದುರೇ ಮಾಡಿಸಿ, ತಾರೀಖು ಬರೆಸಿ ಸಹಿ ಹಾಕಿಸಿ. ಬಿಸಿ ಸ್ವಿಚ್ಚನ್ನು ಕುದಿಯುವ ನೀರಿನಲ್ಲಿ ಅದ್ದಿ “ಕೆಲಸ ಮಾಡ್ತಿಲ್ಲ” ಎಂದು ಎಸೆಯುವವರಿದ್ದಾರೆ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ನಮ್ಮಲ್ಲಿ ನೀರು 98, 99 ಡಿಗ್ರಿಗೇ ಕುದಿಯುತ್ತದೆ, 103ರ ಸ್ವಿಚ್ ಅದರಲ್ಲಿ ಎಂದೂ ಎಚ್ಚರಗೊಳ್ಳದು. ಕಾಯಿಸಿದ ಆಯಿಲಿನಲ್ಲಿ, ಥರ್ಮಾಮೀಟರ್ ಇಟ್ಟು ನೋಡಬೇಕು, ಅದೂ ತಿಳಿದವರೇ ಮಾಡಬೇಕು.

ಹಳೆಯ ಸೆಟ್ ಕೊಳ್ಳುವವರು ಮಾಲೀಕರ ಮಾತಿಗಿಂತ ವೈರಿಂಗನ್ನು ನಂಬಿ. ಮೊದಲು ಮೇಲೆ ಹೇಳಿದ ಚಾವಿಯ ಪರೀಕ್ಷೆ ಮಾಡಿ. ಆಮೇಲೆ ಆಯಿಲ್ ಸ್ವಿಚ್, ಬಿಸಿ ಸ್ವಿಚ್ಚುಗಳ ಹತ್ತಿರ ಬಾಗಿ, ಟೇಪ್ ಸುತ್ತಿ ಬಿಟ್ಟ ವೈರ್ ಇದೆಯೇ ನೋಡಿ. ಖಾಲಿ ಓಡಿಸಿ ಎಮರ್ಜೆನ್ಸಿ ಸ್ಟಾಪ್ ಒತ್ತಿ. ಡಿಜಿಟಲ್ ಕಂಟ್ರೋಲರ್ ಇದ್ದರೆ ಅದರ ಈವೆಂಟ್ ಲಾಗ್ ತೆರೆಸಿ: ಯಾವ ತಾರೀಖು ಯಾವ ಕಾರಣಕ್ಕೆ ಬಂದ್ ಬಿತ್ತು ಎಂಬುದು ಅಲ್ಲಿ ಸಾಲಾಗಿ ಇರುತ್ತದೆ. ಒಂದೇ ದಿನ ಒಂದರ ಹಿಂದೆ ಒಂದು ನಾಲ್ಕಾರು ಸಲ “ಆಯಿಲ್ ಪ್ರೆಶರ್ ಕಡಿಮೆ” ಎಂದು ಬರೆದಿದ್ದು, ಅಲ್ಲಿಂದ ಮುಂದೆ ಆ ಸಾಲು ಮತ್ತೆ ಕಾಣಿಸದಿದ್ದರೆ ಆಯಿಲ್ ಪಂಪು ರಿಪೇರಿಯಾದ ಬಿಲ್ ತೋರಿಸಲು ಹೇಳಿ. ಬಿಲ್ ಇಲ್ಲದಿದ್ದರೆ ಸಂಪ್ ಬಿಚ್ಚಿಸಿ ಬೇರಿಂಗ್ ನೋಡಿದ ಮೇಲೆಯೇ ರೇಟಿನ ಮಾತಾಡಿ.